ನನ್ನ ಕೈ ಎಳೆದ ವೈರು

ನಮ್ಮ ಊರಲ್ಲಿ ಮನೆಯ ವೈರಿಂಗ್ ಕಾಗದಕ್ಕೆ ಯಾರು ಸಹಿ ಹಾಕಿರುತ್ತಾರೋ ಆ ಮನೆಯ ದೀಪ ಅವರ ಮನಸ್ಸಿನ ಹಾಗೆ ಉರಿಯುತ್ತದೆ. ಸಹಿ ಇಲ್ಲದ ಮನೆಯಲ್ಲಿ ವೈರು ಎಳೆದ ಕೈ ಯಾರದೋ ಅವರ ಮನಸ್ಸಿನ ಹಾಗೆ. ನಮ್ಮ ಬೀದಿಯ ತೊಂಬತ್ತು ಮನೆಗೂ ಸಹಿ ಹಾಕಿದವರು ಒಬ್ಬರೇ, ಲೈಸೆನ್ಸಿನ ಕರಿಬಸಪ್ಪ. ನನ್ನ ಗಂಡನ ಒಡಹುಟ್ಟಿದ ಅಣ್ಣ, ನನಗೆ ಭಾವ. ಹಾಗಾಗಿ ನಮ್ಮ ಬೀದಿಯ ಹೆಂಗಸರು ಬೆಳಗ್ಗೆ ಎದ್ದು ರಂಗೋಲಿ ಹಾಕುವ ಮೊದಲು ಒಬ್ಬರನ್ನೊಬ್ಬರು ಕೇಳುವ ಮಾತು, "ಕರಿಬಸಪ್ಪೋರ ಮುಖ ಹೆಂಗಿದೆ ಇವತ್ತು?" ಚೆನ್ನಾಗಿದೆ ಅಂದರೆ ದೋಸೆಗೆ ನೆನೆಸಿದ್ದನ್ನು ಗ್ರೈಂಡರಿಗೆ ಹಾಕುತ್ತಾರೆ. ಗಂಟಿಕ್ಕಿದೆ ಅಂದರೆ ಒರಳು ತೊಳೆಯುತ್ತಾರೆ.

ಭಾವನ ಮಗಳ ಮದುವೆಯಲ್ಲಿ ಮೂರು ದಿನ ಬೀದಿಗೆ ಬೀದಿಯೇ ಜಗಜಗ ಅಂದಿತು. ಸಹಕಾರ ಸಂಘದ ಚುನಾವಣೆಯಲ್ಲಿ ಹನ್ನೊಂದು ವೋಟಿಗೆ ಸೋತಾಗ ತೊಂಬತ್ತು ಮನೆಯವರು ಒಂದು ವಾರ ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆದುಕೊಂಡರು. ಯುಗಾದಿಯ ಮೊದಲ ಒಬ್ಬಟ್ಟು ದೇವರ ಮನೆಗಲ್ಲ, ಅವರ ಮನೆಗೆ ಹೋಗುತ್ತದೆ. ಅವರಿಗೆ ಮೂಲವ್ಯಾಧಿ ಕೆರಳಿದಾಗ ಗಂಡಸರೆಲ್ಲ ಸುವರ್ಣಗೆಡ್ಡೆ ಹುಡುಕಿಕೊಂಡು ಮೂರು ಸಂತೆ ಸುತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇಂಥ ಬಾಳಿನಲ್ಲಿ ಯಾರಿಗೂ ಅವಮಾನ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಕೂತವರಿಗೆ ಮೊದಲು ಬೆಳಕು ಬೇಕು, ಮಾನ ಆಮೇಲೆ. ನನ್ನ ಹುಟ್ಟೇ ಬೇರೆ. ನನಗೆ ಮಾನವೂ ಬೇಕಿತ್ತು, ಬೆಳಕೂ ಬೇಕಿತ್ತು.

ಸೊಸೆಯಾಗಿ ಬಂದು ಹನ್ನೆರಡು ವರ್ಷ ಅವರ ಬೆಳಕಲ್ಲಿ ಬದುಕಿದೆ. ಬೇರೆಯವರ ಸಿಟ್ಟು ಕೂಗಾಡಿ ಮುಗಿಯುತ್ತದೆ. ಭಾವನದು ಮುನಿಸು. ಯಾರಾದರೂ ಬೈದರೆ ಅವರಿಗೆ ಏನೂ ಆಗುವುದಿಲ್ಲ, ಕಲ್ಲಿನ ಮೇಲೆ ಮಳೆ ಸುರಿದಂತೆ. ಅದಕ್ಕೇ ಅವರಿಗೆ ಲೈಸೆನ್ಸ್ ಸಿಕ್ಕಿದ್ದು. ನಮ್ಮಲ್ಲಿ ಲೈಸೆನ್ಸ್ ಪರೀಕ್ಷೆ ಅಂದರೆ ಅಷ್ಟೇ: ಒಬ್ಬ ಎದುರು ಕೂತು ಅರ್ಧ ಗಂಟೆ ಬೈಯುತ್ತಾನೆ, ನೀವು ಹಾಕಿದ ದೀಪ ಅಲುಗಬಾರದು. ಆದರೆ ಮನೆಯ ಹೆಂಗಸೊಬ್ಬಳು ಎದುರು ಮಾತಾಡಿದರೆ ಭಾವನಿಗೆ ಆಗುತ್ತದೆ. ಆಗ ಅವರು ಊಟ ಬಿಟ್ಟು ಮೂಲೆ ಸೇರಿ ಕೂರುತ್ತಾರೆ. ಯಾರ ಮೇಲೆ ಮುನಿಸೋ ಅವರ ಮನೆಯ ದೀಪ ಇಳಿದು ಇಳಿದು ಆರಿಹೋಗುತ್ತದೆ.

ಒಂದು ಗೌರಿ ಹಬ್ಬದ ದಿನ ಪಂಕ್ತಿಯಲ್ಲಿ ಎಲ್ಲರ ಮುಂದೆ ನನ್ನ ತವರಿನವರನ್ನು "ಕಾಯಿಲ್ ಸುತ್ತೋ ಜನ" ಅಂತ ಆಡಿಕೊಂಡರು. ನನ್ನ ಅಪ್ಪನಿಗೆ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇತ್ತು, ಆ ಅಂಗಡಿಯಲ್ಲೇ ನಾನು ಬೆಳೆದದ್ದು. "ಕಾಯಿಲ್ ಸುತ್ತೋರು ಇಲ್ದಿದ್ರೆ ನಿಮ್ಮ ತೋಟದ ಪಂಪು ತಿರುಗ್ತಿರಲಿಲ್ಲ ಭಾವ" ಅಂದೆ. ಅಷ್ಟೇ ಅಂದದ್ದು. ಸಂಜೆ ಅನ್ನದ ಗಂಜಿ ಬಸಿಯುವಾಗ ದೀಪ ಹೋಯಿತು. ಕುದಿಯುವ ಗಂಜಿ ಎಡಗೈ ಮೇಲೆ ಮೊಣಕೈವರೆಗೂ ಸುರಿಯಿತು. ಬೀದಿಯ ಹೆಂಗಸರೆಲ್ಲ ಓಡಿಬಂದು ಲೋಳೆಸರ ಹಚ್ಚಿದರು, ಹಚ್ಚುತ್ತಲೇ ಅಂದರು, "ಹೋಗಿ ಒಂದು ತಪ್ಪಾಯ್ತು ಅಂದ್ಬಿಡು ಚನ್ನಾಜಿ, ನಿನ್ನ ಗಂಟೇನು ಹೋಗುತ್ತೆ." ನಾನು ಹೋದೆ. ಬೊಬ್ಬೆ ಎದ್ದ ಕೈಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಹೋಗಿ, ನನ್ನ ಕೈ ಸುಟ್ಟವರ ಹತ್ತಿರ ನಾನೇ ತಪ್ಪಾಯಿತು ಅಂತ ಕೇಳಿಕೊಂಡು ಬಂದೆ. ದೀಪ ಬಂತು. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಹೇಸಿಗೆ.

ಮುಂದಿನ ತಿಂಗಳು ಭಾವ ಒಂಬತ್ತು ದಿನ ತೀರ್ಥಯಾತ್ರೆಗೆ ಹೋದರು. ಅವರ ಬಸ್ಸು ಊರು ದಾಟುವ ಮೊದಲೇ ನಾನು ಸ್ಟೂಲ್ ಹತ್ತಿದ್ದೆ. ಅವರು ಎಳೆದಿದ್ದ ಒಂದೊಂದು ವೈರನ್ನೂ ಬೇರುಸಮೇತ ಕಳೆ ಕೀಳುವ ಹಾಗೆ ಕಿತ್ತು ಹಿತ್ತಲಲ್ಲಿ ಗುಡ್ಡೆ ಹಾಕಿದೆ. ಆ ವೈರು ಹೋದ ಮೇಲೆ ಅದರ ಮೇಲಿನ ಅವರ ಸಹಿಯೂ ಹೋದಂತೆ. ಹೊಸ ವೈರು ಎಳೆದೆ, ಪಟ್ಟಿ ಹೊಡೆದೆ, ಫ್ಯೂಸು ಕಟ್ಟಿದೆ. ತುಳಸಿಕಟ್ಟೆಯ ಪಕ್ಕ ಆಳುದ್ದ ಗುಂಡಿ ತೋಡಿ ಇದ್ದಿಲು ಉಪ್ಪು ಸುರಿದು ಅರ್ಥಿಂಗ್ ಇಳಿಸಿದೆ. ಷಡಕ್ಷರಿ, ನನ್ನ ಗಂಡ, ಸ್ಟೂಲಿನ ಕಾಲು ಹಿಡಿದುಕೊಂಡು ನಿಂತಿದ್ದರು. ಇವರು ಪ್ರೌಢಶಾಲೆಯಲ್ಲಿ ಗುಮಾಸ್ತರು, ಮೆತ್ತನೆಯ ಮನುಷ್ಯ. ಜಗಳ ಅಂದರೆ ಪಕ್ಕದ ಮನೆಯ ಜಗಳಕ್ಕೂ ಇವರ ಹೊಟ್ಟೆ ಕೆಡುತ್ತದೆ. "ಅಣ್ಣಂಗೆ ಏನ್ ಹೇಳೋದೇ?" ಅಂತ ಒಂಬತ್ತು ದಿನವೂ ಕೇಳಿದರು. "ಬೆಳಕು ಬಂತು ಅಂತ ಹೇಳಿ" ಅಂದೆ.

ಯಾತ್ರೆಯಿಂದ ಬಂದ ಭಾವ ಪ್ರಸಾದ ಹಿಡಿದುಕೊಂಡು ನಮ್ಮ ಮನೆಗೆ ಬಂದು, ನಡುಮನೆಯ ಬಲ್ಬನ್ನು ಒಮ್ಮೆ ನೋಡಿ, "ಬೆಳಕು ಚೆನ್ನಾಗಿದೆ" ಅಂದು ಕಾಫಿ ಮುಟ್ಟದೆ ಎದ್ದು ಹೋದರು. ಆಮೇಲೆ ಆರು ವರ್ಷ ನಮ್ಮ ಹೊಸಿಲು ತುಳಿಯಲಿಲ್ಲ. ಆ ಆರು ವರ್ಷ ಈ ಮನೆ ನನ್ನ ಮನಸ್ಸಿನ ಹಾಗೆ ಉರಿಯಿತು. ನನ್ನ ಸಿಟ್ಟು ಏರುವ ಸಿಟ್ಟು. ಸಾರಿಗೆ ಉಪ್ಪು ಜಾಸ್ತಿ ಅಂದದ್ದಕ್ಕೆ ಬಲ್ಬು ಸಿಡಿದದ್ದಿದೆ, ಇಲ್ಲ ಅನ್ನುವುದಿಲ್ಲ. ಎದುರುಮನೆಯ ನೀಲಾಂಬಿಕೆ ಒಮ್ಮೆ ನೆಟ್ಟಗೆ ಕೇಳಿದಳು, "ನೀನು ಭಾವನ ಮರ್ಜಿಯಿಂದ ಬಿಡಿಸ್ಕೊಂಡೆ ಸರಿ. ಈಗ ನಿನ್ನ ಗಂಡ ನಿನ್ನ ಮರ್ಜೀಲಿ ಬದುಕ್ತಿಲ್ವಾ?" ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಇವರನ್ನೇ ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ನೀನು ರೇಗಿದಾಗ ಅಕ್ಷರ ಚೆನ್ನಾಗಿ ಕಾಣುತ್ತೆ ಕಣೇ" ಅಂದರು. ಆರು ವರ್ಷದಲ್ಲಿ ಒಂದು ಸಂಜೆಯೂ ಈ ಮನೆ ಕತ್ತಲಾಗಲಿಲ್ಲ. ನನ್ನ ಪರವಾಗಿ ನಾನು ಹೇಳಿಕೊಳ್ಳುವುದು ಇಷ್ಟೇ.

ಹೋದ ವರ್ಷ ದಸರಾ ಮುಗಿದ ಮೇಲೆ ವಿದ್ಯುತ್ ಕಚೇರಿಯಿಂದ ನೋಟೀಸು ಬಂತು. ಸಹಿ ಇಲ್ಲದ ವೈರಿಂಗ್ ಇರುವ ಮನೆಯವರು ಕಾರ್ತಿಕ ಮಾಸ ಮುಗಿಯುವುದರೊಳಗೆ ಹಿಂದೆ ಮಾಡಿದ ಕೆಲಸಕ್ಕೆ ಪ್ರಮಾಣಪತ್ರ ಮಾಡಿಸತಕ್ಕದ್ದು, ತಪ್ಪಿದಲ್ಲಿ ಕಂಬದಲ್ಲೇ ಸಂಪರ್ಕ ಕಡಿಯಲಾಗುವುದು. ದಾರಿ ಎರಡು. ಲೈಸೆನ್ಸ್ ಇರುವವರು ಯಾರಾದರೂ "ಇದು ನನ್ನ ಕೆಲಸ" ಅಂತ ಸಹಿ ಹಾಕಿಕೊಡಬಹುದು. ಇಲ್ಲವೇ ಕೆಲಸ ಮಾಡಿದ ಕೈಯೇ ದೀಪದ ಪರೀಕ್ಷೆಗೆ ಕೂರಬೇಕು. ನಮ್ಮ ಬೀದಿಯಲ್ಲಿ ಲೈಸೆನ್ಸ್ ಇರುವುದು ಒಬ್ಬರಿಗೇ. ಅವರು ಸಹಿ ಹಾಕಿದ ಗಳಿಗೆಯಿಂದ ನನ್ನ ವೈರಿನಲ್ಲಿ ಅವರ ಮನಸ್ಸು ಹರಿಯುತ್ತದೆ. ಕಿತ್ತು ಹಾಕಿದ ಕಳೆ ಮತ್ತೆ ನನ್ನ ಅಂಗಳದಲ್ಲೇ, ನಾನೇ ನೀರೆರೆದ ನೆಲದಲ್ಲೇ ಹುಟ್ಟುತ್ತದೆ.

ಪರೀಕ್ಷೆಗೇ ಕೂರುತ್ತೇನೆ ಅಂತ ಕಚೇರಿಗೆ ಹೋದೆ. ಕೊಟ್ಟ ನಮೂನೆಯಲ್ಲಿ "ಕೆಲಸ ಮಾಡಿದವರ ಹೆಸರು" ಅಂತಿದ್ದ ಕಡೆ ಮೊದಲೇ "ಶ್ರೀ" ಅಂತ ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಚನ್ನಾಜಮ್ಮ ಅಂತ ಬರೆದೆ. ಕಿಟಕಿಯೊಳಗಿದ್ದವನು, "ಯಜಮಾನರ ಹೆಸರು ಬರೀಬೇಕಮ್ಮ ಅಲ್ಲಿ" ಅಂದ. "ಯಜಮಾನ್ರು ಸ್ಟೂಲ್ ಹಿಡ್ಕೊಂಡಿದ್ರು. ಸ್ಟೂಲ್ ಹಿಡ್ಕೊಂಡೋರಿಗೆ ಬೇರೆ ನಮೂನೆ ಇದ್ರೆ ಕೊಡಿ" ಅಂದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅವನು ನಗಲಿಲ್ಲ, ನಾನೂ ನಗಲಿಲ್ಲ.

ಮೊದಲ ಪರೀಕ್ಷೆಗೆ ಇನ್‌ಸ್ಪೆಕ್ಟರ್ ಪದ್ಮರಾಜಯ್ಯ ಬಂದರು. ಜೊತೆಗೆ ಬೈಯುವ ಗುಮಾಸ್ತ ಅಶ್ವತ್ಥಯ್ಯ. ಕಚೇರಿಯಲ್ಲಿ ಅದೊಂದು ಹುದ್ದೆ. ಪಾಪ, ಅರವತ್ತರ ಹತ್ತಿರದ, ಹಣೆ ತುಂಬ ವಿಭೂತಿಯ ಸಾಧು ಮನುಷ್ಯ. ಕಿಟಕಿಗಳಿಗೆ ಕಂಬಳಿ ಹಾಕಿ ಮನೆ ಕತ್ತಲು ಮಾಡಿದರು. ನಡುಮನೆಯ ಬಲ್ಬಿಗೆ ಇನ್‌ಸ್ಪೆಕ್ಟರು ತಮ್ಮ ಮರದ ಡಬ್ಬಿಯ ಮೀಟರ್ ಜೋಡಿಸಿ, ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲಿ ಗಾಜಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಅರ್ಧ ಗಂಟೆ ಮುಳ್ಳು ಆ ಗೆರೆ ಬಿಟ್ಟು ಆಚೀಚೆ ಹೋಗಬಾರದು. ಅಶ್ವತ್ಥಯ್ಯ ಕನ್ನಡಕ ಹಾಕಿಕೊಂಡು ರಿಜಿಸ್ಟರ್ ಬಿಚ್ಚಿ, "ತಪ್ಪು ತಿಳ್ಕೋಬೇಡಿ ತಾಯಿ, ಹೊಟ್ಟೆಪಾಡು" ಅಂದು ಶುರು ಮಾಡಿದರು. "ಎಲೈ ಮೂದೇವಿ. ನಿನ್ನ ಮುಖಕ್ಕೆ ಮಂಗಳಾರತಿ ಎತ್ತ. ನಿನ್ನ ಅಡುಗೆ ನಾಯಿಯೂ ಮೂಸದು." ಸಹಸ್ರನಾಮ ಓದುವ ಹಾಗೆ ಓದಿದರು. ಮಧ್ಯೆ ಕೆಮ್ಮು ಬಂದಾಗ ನಾನೇ ನೀರು ಕೊಟ್ಟೆ. ಬೆಳಗ್ಗೆಯಿಂದ ಮನಸ್ಸನ್ನು ಕಟ್ಟಿಹಾಕಿ ತಣ್ಣಗಿಟ್ಟುಕೊಂಡಿದ್ದೆ. ಮುಳ್ಳು ಅಲುಗಲಿಲ್ಲ.

ಆ ಹೊತ್ತಲ್ಲೇ ಇನ್‌ಸ್ಪೆಕ್ಟರು ಟಾರ್ಚ್ ಹಿಡಿದು ಕೆಲಸ ನೋಡುತ್ತಿದ್ದರು. ಮೇನ್ ಬೋರ್ಡ್ ಬಿಚ್ಚಿದರು, ಒಂದೊಂದು ಗಂಟು ಎಳೆದು ನೋಡಿದರು, ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿ ಬಗೆದು ನೋಡಿ ಬಂದರು. "ಬಹಳ ಚೊಕ್ಕಟವಾಗಿದೆ. ಲೈಸೆನ್ಸ್ ಇರೋರೂ ಇಷ್ಟು ನೀಟಾಗಿ ಮಾಡಲ್ಲ" ಅಂದರು. ನನಗೆ ಎದೆ ತುಂಬಿ ಬಂತು, ಆದರೂ ತಡೆದುಕೊಂಡೆ.

"ಯಾರಮ್ಮ ಮಾಡಿದ್ದು ಇದನ್ನ?" ಅಂದರು.

"ನಾನು ಸಾರ್."

"ಅದಲ್ಲಮ್ಮ. ನಮೂನೇಲಿ ಬರೆದಿದ್ದೀರಿ, ಸರಿ. ನಿಜವಾಗ್ಲೂ ಯಾರು ಮಾಡಿದ್ದು?"

ಅಶ್ವತ್ಥಯ್ಯ ಪುಟ ಪುಟ ಬೈದಾಗ ಆಗದಿದ್ದದ್ದು ಆ ಒಂದು ಮಾತಿಗೆ ಆಯಿತು. ಸಿಟ್ಟು ನೆತ್ತಿಗೆ ನುಗ್ಗಿತು. ಪರೀಕ್ಷೆ ನೆನಪಾಗಿ ಅದನ್ನು ಗಂಟಲಲ್ಲೇ ಹಿಡಿದು ಒಳಕ್ಕೆ ನುಂಗಿದೆ. ಬಲ್ಬು ಧಗ್ ಅಂದು ಏರಿತು, ಮಂಕಾಯಿತು, ಮತ್ತೆ ಏರಿತು. ಮುಳ್ಳು ಗೆರೆಯ ಎರಡೂ ಕಡೆ ಹುಚ್ಚು ಹಿಡಿದಂತೆ ಕುಣಿಯಿತು. "ಅಲುಗಿತಲ್ಲಮ್ಮ" ಅಂದರು ಪದ್ಮರಾಜಯ್ಯ, ಬೇಸರದಿಂದಲೇ. ಇನ್ನೊಂದು ಅವಕಾಶ ಇದೆ, ಹದಿನೈದು ದಿನ ಬಿಟ್ಟು. ಎರಡನೇ ಸಲ ಬೈಯುವುದು ಗುಮಾಸ್ತರಲ್ಲ, ಆ ಮನೆಗೆ ಮೊದಲು ಯಾರ ಸಹಿ ಇತ್ತೋ ಅವರು. ಹಾಗಂತ ನಿಯಮ. ಅದೂ ತಪ್ಪಿದರೆ ಭಾವನ ಸಹಿ, ಇಲ್ಲವೇ ಕಂಬದಲ್ಲಿ ಕಡಿತ.

ಆ ಹದಿನೈದು ದಿನ ಬೀದಿಯವರೆಲ್ಲ ನನಗೆ ಶಾಂತಿ ಕಲಿಸಲು ಟೊಂಕ ಕಟ್ಟಿ ನಿಂತರು. ನೆತ್ತಿಗೆ ಹರಳೆಣ್ಣೆ ಒತ್ತು ಅಂದರು, ಒತ್ತಿದೆ. ದಿನಾ ಎಳನೀರು ಕುಡಿ ಅಂದರು, ಕುಡಿದೆ. ಸಿಟ್ಟು ಬಂದಾಗ ನೂರರಿಂದ ಹಿಂದಕ್ಕೆ ಎಣಿಸು ಅಂದರು. ಎಣಿಸುತ್ತ ಎಣಿಸುತ್ತ, ಕೈ ಸುಟ್ಟವರು ಎಣಿಸದೆ ಇರುವಾಗ ಸುಡಿಸಿಕೊಂಡವಳು ಯಾಕೆ ಎಣಿಸಬೇಕು ಅನ್ನಿಸಿ ನಲವತ್ತಕ್ಕೆ ಬರುವಷ್ಟರಲ್ಲಿ ಅಡುಗೆಮನೆ ಬಲ್ಬು ಸಿಡಿಯುತ್ತಿತ್ತು. ಅಷ್ಟು ಹೆಂಗಸರಲ್ಲಿ ಒಬ್ಬಳಾದರೂ ಹೋಗಿ ಕರಿಬಸಪ್ಪನವರಿಗೆ, ನಿಮ್ಮ ಮುನಿಸು ಸ್ವಲ್ಪ ಬಿಡಿ ಅಂದಳೇ? ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ. ಅವರ ಮುನಿಸು ಬಿಸಿಲು ಮಳೆಯ ಹಾಗೆ, ಬಂದಂತೆ ಅನುಭವಿಸಬೇಕು. ನನ್ನದು ಮಾತ್ರ ರೋಗ, ಅದಕ್ಕೆ ಹರಳೆಣ್ಣೆ.

ಹತ್ತನೇ ದಿನ ಭಾವನೇ ಬಂದರು, ಆರು ವರ್ಷದ ಮೇಲೆ. ಜೇಬಿನಲ್ಲಿ ಮಡಿಸಿದ ಕಾಗದ. ಇವರ ಪಕ್ಕದಲ್ಲಿ ಕೂತು, ನನ್ನ ಕಡೆ ನೋಡದೆ, "ನೋಡು ಷಡಕ್ಷರಿ, ಮನೆ ಮಾತು ಮನೇಲಿರ್ಲಿ. ಒಂದು ಸಹಿ, ಹಾಕ್ಕೊಡ್ತೀನಿ. ನಾನೇನು ಹೊರಗಿನೋನಾ?" ಅಂದರು. ಇವರು ಆ ಕಾಗದವನ್ನು ಉಪವಾಸದವರು ಊಟದ ಎಲೆ ನೋಡುವ ಹಾಗೆ ನೋಡಿದರು.

"ನಿಮ್ಮ ಸಹಿ ಬೇಡ ಭಾವ" ಅಂದೆ ನಾನು.

"ಬೇಡ ಅಂದ್ರೆ ಕತ್ತಲಲ್ಲಿರ್ತೀಯಾ?"

"ನಿಮ್ಮ ಬೆಳಕಲ್ಲಿ ಹನ್ನೆರಡು ವರ್ಷ ಇದ್ದೆನಲ್ಲ, ಕತ್ತಲು ನನಗೆ ಹೊಸದಲ್ಲ."

ಭಾವ ಎದ್ದು ಹೋದ ಮೇಲೆ ಇವರು ನನ್ನ ಮುಂದೆ ಕೈ ಜೋಡಿಸಿದರು. "ಹಾಕಿಸ್ಕೊಂಡ್ಬಿಡೋಣ ಚನ್ನಾಜಿ. ಅಣ್ಣಂಗೂ ವಯಸ್ಸಾಯ್ತು, ಈಗ ಮೊದಲಿನ ಹಂಗಿಲ್ಲ" ಅಂದರು. ನಾನು ಇವರ ಮೇಲೆ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ, ಅನ್ನಬಾರದ್ದನ್ನೂ ಅಂದೆ. ನಡುಮನೆ ಹಗಲಾಯಿತು. ಆ ಬೆಳಕಿನಲ್ಲಿ ಇವರ ಕಣ್ಣಲ್ಲಿ ನೀರು ಕಂಡಾಗ ಮಾತ್ರ ಬಾಯಿ ಮುಚ್ಚಿದೆ. ಹೆದರುವ ಮನುಷ್ಯನನ್ನು ಹೆದರಬೇಡ ಅಂತ ಹೊಡೆದರೆ ಏನು ಬಂತು? ಆದರೂ ಸಿಟ್ಟು ಇಳಿಯಲಿಲ್ಲ. ನನ್ನವರು ನನ್ನ ಕಡೆ ನಿಲ್ಲದೆ ನಡುವೆ ನಿಂತಿದ್ದಾರೆ, ನಡುವೆ ನಿಂತವರ ಕಾಲು ಯಾವಾಗಲೂ ಬಲ ಇದ್ದ ಕಡೆಗೇ ಜಾರುತ್ತದೆ.

ಪರೀಕ್ಷೆಯ ದಿನ ಬೆಳಗ್ಗೆಯಿಂದ ಮನೆ ಸಾರಿಸಿ, ಬಲ್ಬು ಒರೆಸಿ, ಹೊಟ್ಟೆಗೆ ಏನೂ ಇಲ್ಲದೆ ಓಡಾಡುತ್ತಿದ್ದೆ. ಇವರು ಎಂದೂ ಇಲ್ಲದ್ದು ಅಡುಗೆಮನೆಗೆ ಹೋಗಿ ಪಾಯಸ ಮಾಡಿ ತಂದರು. "ಬರಿ ಹೊಟ್ಟೇಲಿ ಕೂರಬೇಡ, ಕುಡಿ." ಎರಡು ಲೋಟ ಕುಡಿದೆ. ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯತೊಡಗಿತು, ಕಾಲು ಭಾರವಾಯಿತು. ತಲೆ ಎತ್ತಿ ನೋಡಿದರೆ ನಡುಮನೆ ಬಲ್ಬು ಹಳದಿ ತಿರುಗಿತ್ತು.

"ಏನ್ರೀ ಹಾಕಿದ್ರಿ ಇದಕ್ಕೆ?"

"ಗಸಗಸೆ. ನೀನು ಶಾಂತವಾಗಿರ್ಲಿ ಅಂತ..."

ನಮ್ಮೂರಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ಹೋಗುವ ಗಂಡಸರಿಗೆ ಮನೆಯವರು ಒಂದೇ ಒಂದು ಚಮಚ ಗಸಗಸೆ ಹಾಕಿದ ಪಾಯಸ ಕೊಟ್ಟು ಕಳಿಸುವುದುಂಟು. ಮನಸ್ಸು ಒಂದು ಹದಕ್ಕೆ ಕೂರಲಿ ಅಂತ. ಜನ್ಮದಲ್ಲಿ ಒಲೆ ಹಚ್ಚದ ಈ ಪುಣ್ಯಾತ್ಮರಿಗೆ ಅಳತೆ ಯಾರು ಹೇಳಬೇಕು, ಡಬ್ಬಿಯಲ್ಲಿದ್ದಷ್ಟೂ ಗಸಗಸೆಯನ್ನು ರುಬ್ಬಿ ಹಾಕಿದ್ದರು. ಬೈಯೋಣ ಅಂದರೆ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಪದ್ಮರಾಜಯ್ಯ, ಹಿಂದೆ ಅಶ್ವತ್ಥಯ್ಯ, ಅವರ ಹಿಂದೆ ಜರಿಯಂಚಿನ ಪಂಚೆಯುಟ್ಟ ಭಾವ.

ಕಂಬಳಿ ಹಾಕಿದರು. ಮೀಟರ್ ಜೋಡಿಸಿದರು. ಮುಳ್ಳು ನೂರ ಅರವತ್ತು ವೋಲ್ಟಿನಲ್ಲಿ ತೂಕಡಿಸುತ್ತಿತ್ತು, ನನ್ನ ಹಾಗೆಯೇ. ಭಾವ ಒಮ್ಮೆ ಮುಳ್ಳು ನೋಡಿದರು, ಒಮ್ಮೆ ನನ್ನ ಕಣ್ಣು ನೋಡಿದರು, ಒಮ್ಮೆ ಮಣೆಯ ಮೇಲಿದ್ದ ಲೋಟ ನೋಡಿದರು. ಮೂವತ್ತು ವರ್ಷದ ಲೈಸೆನ್ಸು, ಅವರಿಗೆ ಅರ್ಥವಾಗದೆ ಇರುತ್ತದೆಯೇ. ಬೈಯಲು ಬಂದ ಮನುಷ್ಯ ನನ್ನ ಎದುರು ಕೂತು, ಮಗುವನ್ನು ತಟ್ಟಿ ಮಲಗಿಸುವ ದನಿ ತೆಗೆದರು. "ಸುಸ್ತಾಗಿದ್ದೀಯ ಚನ್ನಾಜಿ. ಎಷ್ಟು ವರ್ಷದಿಂದ ಒಬ್ಬಳೇ ಹೊಡೆದಾಡ್ತಿದ್ದೀಯ. ಸಾಕು ತಾಯಿ. ಕಣ್ಮುಚ್ಚು. ಎಲ್ಲಾ ನಾನು ನೋಡ್ಕೋತೀನಿ." ಬಲ್ಬಿನ ತಂತಿ ಕೆಂಪಾಯಿತು. ನೂರ ನಲವತ್ತು. ನೂರ ಮೂವತ್ತು. ಆ ದನಿ ಎಷ್ಟು ಹಿತವಾಗಿತ್ತು ಅಂದರೆ, ಹೇಳಲು ನಾಚಿಕೆ, ನನ್ನ ತಲೆ ಗೋಡೆಗೆ ಒರಗಿತು. ಹದಿನೆಂಟು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ತಿರ ಮೆತ್ತಗೆ ಮಾತಾಡಿದ್ದು ಅದೇ ಮೊದಲು.

"ಇನ್ನೂ ಗೆರೆ ಎಳೆದಿಲ್ಲ ಕರಿಬಸಪ್ನೋರೆ, ತಡೀರಿ" ಅಂದರು ಇನ್‌ಸ್ಪೆಕ್ಟರು, ಪೆನ್ಸಿಲು ಚೂಪು ಮಾಡುತ್ತ.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಿದ್ದೆಹೋಗಿ, ದೀಪ ಆರಿ, ಭಾವ ಗೆದ್ದಿರುತ್ತಿದ್ದರು. ಆದರೆ ಗೆದ್ದೆ ಅಂತ ಗೊತ್ತಾದ ಮೇಲೆ ಸುಮ್ಮನಿರುವುದು ಅಂಥವರ ಜಾಯಮಾನ ಅಲ್ಲ. ಇನ್‌ಸ್ಪೆಕ್ಟರ ಕಡೆ ತಿರುಗಿ, ಮನೆಯ ಹಿರಿಯನ ಗತ್ತಿನಲ್ಲಿ, "ಪಾಪ, ಇವಳದೂ ತಪ್ಪಿಲ್ಲ ಸಾರ್. ಮದುವೆಯಾಗಿ ಬಂದಾಗ ಫೇಸ್ ಯಾವ್ದು ನ್ಯೂಟ್ರಲ್ ಯಾವ್ದು ಗೊತ್ತಿರಲಿಲ್ಲ. ನಾನೇ ಕೂರಿಸ್ಕೊಂಡು ಹೇಳ್ಕೊಟ್ಟೆ. ಕೈ ಇವಳದು ಅಷ್ಟೇ, ವಿದ್ಯೆ ನಂದು" ಅಂದರು.

ಒಂದು ಗಳಿಗೆ ನನಗೆ ಕೇಳಿದ್ದು ನಿಜವೋ ಕನಸೋ ತಿಳಿಯಲಿಲ್ಲ. ಎಂಟನೇ ವಯಸ್ಸಿಗೆ ಅಪ್ಪನ ಮುಂದೆ ಕೂತು ತಾಮ್ರದ ತಂತಿಯ ಸುತ್ತು ಎಣಿಸಿದವಳು ನಾನು. ಒಂದು ಸುತ್ತು ತಪ್ಪಿದರೆ ಅಪ್ಪ ಇಡೀ ಕಾಯಿಲ್ ಬಿಚ್ಚಿಸಿ ಮೊದಲಿಂದ ಸುತ್ತಿಸುತ್ತಿದ್ದರು. ಬೆರಳ ತುದಿಯೆಲ್ಲ ಒಡೆದು ಅರಿಶಿನ ಹಚ್ಚಿಕೊಂಡು ಶಾಲೆಗೆ ಹೋಗಿದ್ದೇನೆ. ಆ ಅಪ್ಪನನ್ನು ಈ ಮನುಷ್ಯ ಪಂಕ್ತಿಯಲ್ಲಿ ಆಡಿಕೊಂಡದ್ದು ಸಾಲದು, ನನ್ನ ಕೈ ಸುಟ್ಟದ್ದು ಸಾಲದು, ಈಗ ಅಪ್ಪನ ವಿದ್ಯೆಯನ್ನೇ ನನ್ನ ಕಣ್ಣೆದುರು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದಾನೆ. ಹೌದು, ಏಕವಚನದಲ್ಲೇ ಅಂದುಕೊಂಡೆ, ಬಹುವಚನ ಅಲ್ಲಿಗೆ ಸಾಕಾಗಿತ್ತು. ನಿದ್ದೆ ಎಲ್ಲಿ ಹೋಯಿತೋ. ಗೋಡೆ ಬಿಟ್ಟು ನೆಟ್ಟಗೆ ಕೂತೆ. ಬಲ್ಬು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಏರಿತು. ಇನ್ನೂರು ದಾಟಿತು. ಇನ್ನೂರ ಎಂಬತ್ತು.

"ಅಯ್ಯೋ, ಸಮಾಧಾನ ಮಾಡ್ಕೊಳ್ಳಮ್ಮ" ಅಂದರು ಪದ್ಮರಾಜಯ್ಯ, ಗೆರೆ ಎಳೆಯಲು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು. "ಶಾಂತಿ ತಾಯಿ, ಶಾಂತಿ" ಅಂದರು ಅಶ್ವತ್ಥಯ್ಯ. "ಚನ್ನಾಜಿ, ಬೇಡ ಕಣೇ, ನುಂಗ್ಕೋ" ಅಂದರು ಇವರು. ಭಾವ ಮೀಸೆಯಲ್ಲೇ ನಕ್ಕರು. ಎಲ್ಲರಿಗೂ ನಾನು ನುಂಗಿಕೊಳ್ಳಬೇಕಾಗಿತ್ತು. ಹೋದ ಸಲ ನುಂಗಿದ್ದೆನಲ್ಲ. ಮುಳ್ಳು ಕುಣಿದದ್ದು ಸಿಟ್ಟಿಗಲ್ಲ, ನುಂಗಿದ್ದಕ್ಕೆ. ಆರು ವರ್ಷ ಬಲ್ಬು ಸಿಡಿದದ್ದೂ ಅದಕ್ಕೇ, ಏರಿದ್ದನ್ನು ನಾನೇ ಹೆದರಿ ಹಿಂದಕ್ಕೆ ಎಳೆದಾಗ. ತಣ್ಣಗಿರುವುದು ನನ್ನದಲ್ಲ, ಸಾಲ ತಂದ ಸೀರೆ. ಅದನ್ನು ಉಟ್ಟು ಅರ್ಧ ಗಂಟೆ ಕೂತರೆ ಜಾರದೆ ಏನಾಗುತ್ತದೆ?

"ಈಗ ಎಳೀರಿ ಗೆರೆ" ಅಂದೆ.

"ಇಷ್ಟು ಮೇಲಾ? ಇಷ್ಟು ಮೇಲೆ ಯಾರಿಗೂ ಎಳೆದಿಲ್ಲಮ್ಮ ನಾನು. ಸ್ವಲ್ಪ ಇಳಿಸ್ಕೊಳ್ಳಿ, ಕಾಯ್ತೀನಿ."

"ಎಲ್ಲಿ ನಿಂತಿರಬೇಕು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದ್ಯಾ ಸಾರ್?"

ಅವರು ಚೀಲದಿಂದ ಪುಸ್ತಕ ತೆಗೆದು, ಬಲ್ಬಿಗೆ ಹಿಡಿದು ಓದಿದರು. ಎರಡು ಸಲ ಓದಿದರು. "ಅಲುಗಬಾರದು ಅಂತ ಇದೆ. ಅಷ್ಟೇ ಇರೋದು" ಅಂದರು.

"ಹಂಗಾದ್ರೆ ಎಳೀರಿ."

ಎಳೆದರು. ಇನ್ನೂರ ಎಂಬತ್ತರ ಮೇಲೆ ನೀಲಿ ಗೆರೆ ಬಿತ್ತು. ಭಾವನಿಗೆ ಈಗ ಮೆತ್ತನೆಯ ದನಿ ಕೆಲಸಕ್ಕೆ ಬರಲಿಲ್ಲ. ಬೈಯಲು ಶುರು ಮಾಡಿದರು. ಅಶ್ವತ್ಥಯ್ಯನವರ ರಿಜಿಸ್ಟರಿನಲ್ಲಿ ಇಲ್ಲದ ಬೈಗುಳ. ನನ್ನ ಹೊಟ್ಟೆಯಲ್ಲಿ ಮಕ್ಕಳಾಗದ್ದನ್ನು ಅಂದರು. ನನ್ನ ನಡತೆಯನ್ನು ಅಂದರು. ಗಂಡನನ್ನು ಸೆರಗಿನ ಗಂಟಲ್ಲಿ ಕಟ್ಟಿಕೊಂಡವಳು ಅಂದರು. ಆಗ ಇವರು, ನನ್ನ ಷಡಕ್ಷರಿ, ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. 

ನಾನು ಒಂದನ್ನೂ ನುಂಗಲಿಲ್ಲ. ಬಂದದ್ದೆಲ್ಲ ಒಳಗೆ ಬಂತು, ಉರಿಯಿತು, ಅಲ್ಲಿಯೇ ನಿಂತಿತು. ಹದಿನೆಂಟು ವರ್ಷದ ಸಿಟ್ಟು ಅದು, ಒಂದು ಬೈಗುಳ ಹೆಚ್ಚು ಬಿದ್ದರೆ ಏರುವಂಥದ್ದೂ ಅಲ್ಲ, ಒಂದು ಕಡಿಮೆಯಾದರೆ ಇಳಿಯುವಂಥದ್ದೂ ಅಲ್ಲ. ಗೋಡೆಯ ಮೇಲಿನ ಸುಣ್ಣದ ಪದರು, ಮೂಲೆಯ ಜೇಡರ ಬಲೆ, ಭಾವನ ಕೆನ್ನೆಯ ಬೆವರು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಭಾವನ ಹತ್ತಿರ ಬೈಗುಳ ಮುಗಿದವು. ಇಪ್ಪತ್ತೈದಕ್ಕೆ ಮೊದಲಿನದನ್ನೇ ತಿರುಗಿ ಬೈದರು. ಇನ್‌ಸ್ಪೆಕ್ಟರು ಗಾಜಿಗೆ ಮೂಗು ತಾಗಿಸಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಮುಳ್ಳು ನೋಡುತ್ತಲೇ ಇದ್ದರು. ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ಗೆರೆಯ ಮೇಲೆ ನಿಂತಿತ್ತು.

"ಆಯ್ತು" ಅಂದರು ಪದ್ಮರಾಜಯ್ಯ. ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿಶ್ಚಲ" ಅಂತ ಬರೆದರು. "ಕೆಲಸ ಮಾಡಿದ ಕೈ ಒತ್ತಿ" ಅಂತ ಮಸಿಯ ಡಬ್ಬಿ ಮುಂದೆ ತಳ್ಳಿದರು. ನಾನು ಒತ್ತಿದೆ. ಈ ಸಲ ಯಾರ ಕೈ ಅಂತ ಅವರು ಕೇಳಲಿಲ್ಲ. ಮೊಹರು ಬಿತ್ತು.

ಕಂಬಳಿ ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಬಲ್ಬು ಹಾಗೆಯೇ ಉರಿಯುತ್ತಿತ್ತು. ಭಾವ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಕೂತಲ್ಲೇ ಮುಖ ತಿರುಗಿಸಿ, "ಸಾಕು ಚನ್ನಾಜಿ, ಆಯ್ತಲ್ಲ, ಇಳಿಸು ಇನ್ನ. ಕಣ್ಣು ಕಾಣ್ತಿಲ್ಲ ನಂಗೆ" ಅಂದರು.

"ಸ್ವಿಚ್ಚು ಬಾಗಿಲ ಹಿಂದಿದೆ ಭಾವ" ಅಂದೆ. "ಈ ಮನೇಲಿ ಯಾರು ಒತ್ತಿದ್ರೂ ದೀಪ ಆರುತ್ತೆ, ಯಾರು ಒತ್ತಿದ್ರೂ ಹತ್ತುತ್ತೆ. ಯಾರ ಕಾಲಿಗೂ ಬೀಳ್ಬೇಕಾಗಿಲ್ಲ."

ಅವರು ಎದ್ದು, ಒಂದು ಕೈ ಕಣ್ಣ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಗೋಡೆ ತಡವುತ್ತ ಹೋದರು. ಇವರು ತೋರಿಸಲು ಏಳಹೊರಟರು. ನಾನು ಮಸಿಯ ಕೈಯಿಂದಲೇ ಇವರ ತೋಳು ಹಿಡಿದು ಕೂರಿಸಿದೆ.